ಗೋಡೆಯ ಕೆಲಸ ಅಚ್ಚುಕಟ್ಟು, ಮನೆಯ ವಸ್ತುಗಳ ಕಾಳಜಿ ಸಾಲದು: ಮೈಸೂರಿನ ಒಂದು ಮನೆ ನವೀಕರಣ ಸೇವೆಯ ವಿಮರ್ಶೆ

ಮೈಸೂರಿನ ಸರಸ್ವತೀಪುರಂನಲ್ಲಿ ನಮ್ಮ ತಂದೆಯವರು 1974ರಲ್ಲಿ ಕಟ್ಟಿಸಿದ ಮನೆಯ ಒಳಗೋಡೆಗಳಿಗೆ ಬಣ್ಣ ಬಳಿಯುವ ಮತ್ತು ಎರಡು ಬಚ್ಚಲುಮನೆಗಳ ಟೈಲ್ಸ್ ಬದಲಿಸುವ ಕೆಲಸವನ್ನು ಈ ವರ್ಷದ ಏಪ್ರಿಲ್ ತಿಂಗಳಲ್ಲಿ ನಗರದ ಒಂದು ನವೀಕರಣ ಸಂಸ್ಥೆಗೆ ಒಪ್ಪಿಸಿದ್ದೆವು. ಒಟ್ಟು ಅಂದಾಜು 2,14,000 ರೂಪಾಯಿ; 18 ದಿನಗಳಲ್ಲಿ ಮುಗಿಸಿಕೊಡುವ ಮಾತಾಗಿತ್ತು, 31 ದಿನ ಹಿಡಿಯಿತು. ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ನಮ್ಮ ನಡುವಿನ ಲೆಕ್ಕ ಚುಕ್ತಾ ಆಗಿದೆ, ಮತ್ತು ನಮಗೆ ತೊಂದರೆ ಕೊಟ್ಟ ಷರತ್ತು ಹಾಗೂ ಪದ್ಧತಿಗಳು ಆ ಒಂದು ಸಂಸ್ಥೆಯವು ಮಾತ್ರ ಅಲ್ಲ. ಕೆಲಸ ಕೊಡುವ ಮೊದಲು ನಾನು ಅಂದಾಜು ಪಟ್ಟಿ ಪಡೆದ ಇನ್ನಿಬ್ಬರ ಕಾಗದದಲ್ಲಿಯೂ ಅದೇ ಸಾಲುಗಳಿದ್ದವು.

ಮೊದಲು ಕೆಲಸದ ಗುಣಮಟ್ಟದ ಬಗ್ಗೆ ಹೇಳಬೇಕು, ಏಕೆಂದರೆ ಅದರಲ್ಲಿ ದೂರಲು ಹೆಚ್ಚಿನದೇನೂ ಇಲ್ಲ. ಹಳೆಯ ಡಿಸ್ಟೆಂಪರ್ ಪದರವನ್ನು ಗೋಡೆಯವರೆಗೆ ಹೆರೆದು ತೆಗೆದರು. ಪಡಸಾಲೆಯ ಉತ್ತರದ ಗೋಡೆ ಮಳೆಗಾಲದಲ್ಲಿ ತೇವ ಹಿಡಿಯುತ್ತಿತ್ತು. ಅದಕ್ಕೆ ಒಳಗಿನಿಂದ ಬಣ್ಣ ಹಚ್ಚಿ ಮುಚ್ಚಿಬಿಡದೆ, ಹೊರಗಿನ ಬಿರುಕನ್ನು ಹುಡುಕಿ ತುಂಬಿ, ಒಂದು ವಾರ ಒಣಗಲು ಬಿಟ್ಟ ಮೇಲೆಯೇ ಪುಟ್ಟಿ ಹಾಕಿದರು. ದಿನಗಳು ಹೆಚ್ಚಾಗಲು ಇದೂ ಒಂದು ಕಾರಣವಾದ್ದರಿಂದ ಆ ತಡವನ್ನು ನಾನು ದೋಷವೆಂದು ಎಣಿಸುವುದಿಲ್ಲ. ಬಚ್ಚಲುಮನೆಯ ನೆಲಕ್ಕೆ ಕೊಟ್ಟ ಇಳಿಜಾರು ಸರಿಯಾಗಿದೆ, ನೀರು ಎಲ್ಲಿಯೂ ನಿಲ್ಲುವುದಿಲ್ಲ. ಮೂಲೆಗಳ ಗೆರೆ, ಕಿಟಕಿಯ ಚೌಕಟ್ಟಿನ ಅಂಚು, ಎಲ್ಲವೂ ಕೈ ಪಳಗಿದವರ ಕೆಲಸ. ಬರಿದಾದ ಮನೆಯೊಂದನ್ನು ಇವರಿಗೆ ಒಪ್ಪಿಸುವವರಿಗೆ ನಾನು ಧೈರ್ಯವಾಗಿ ಹೌದೆನ್ನುತ್ತೇನೆ.

ಆದರೆ ನಮ್ಮದು ಬರಿದಾದ ಮನೆಯಲ್ಲ. ಎಂಬತ್ತೊಂದು ವರ್ಷದ ಅಮ್ಮ ಅಲ್ಲಿಯೇ ಇದ್ದರು. ಒಂದು ಕೋಣೆಯ ಕೆಲಸ ನಡೆಯುವಾಗ ಇನ್ನೊಂದರಲ್ಲಿ ಇರುತ್ತಿದ್ದರು. ಪಡಸಾಲೆಯ ನೆಲ ಮನೆ ಕಟ್ಟಿದಾಗಿನ ರೆಡ್ ಆಕ್ಸೈಡ್ ನೆಲ. ಅಮ್ಮ ತಮ್ಮ ಹದಿನಾರನೆಯ ವಯಸ್ಸಿನಿಂದ ನುಡಿಸುತ್ತಾ ಬಂದಿರುವ ವೀಣೆ ಅದೇ ಪಡಸಾಲೆಯಲ್ಲಿ, ಹಲಗೆಮಂಚದ ಮೇಲೆ, ಹತ್ತಿ ಬಟ್ಟೆ ಹೊದ್ದು ಇರುತ್ತಿತ್ತು. ಈ ಎರಡಕ್ಕೂ ಹಾನಿಯಾಯಿತು. ಎರಡೂ ಹಾನಿಗಳು ತಿಳಿದದ್ದು ತಡವಾಗಿ, ಮತ್ತು ನನ್ನ ಈ ವಿಮರ್ಶೆಯ ಮುಖ್ಯ ವಿಷಯ ಹಾನಿಗಿಂತ ಹೆಚ್ಚಾಗಿ ಆ ತಡವೇ.

ರೆಡ್ ಆಕ್ಸೈಡ್ ನೆಲವನ್ನು ನೋಡದ ಕಿರಿಯರಿಗಾಗಿ ಎರಡು ಮಾತು. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ, ಕೆಲವೇ ಮಿಲಿಮೀಟರ್ ದಪ್ಪದ ಮೇಲ್ಪದರವಾಗಿ ಹಾಸಿ, ಅದು ಬಿಗಿಯುವ ಹದ ನೋಡಿಕೊಂಡು ಕರಣೆಯಿಂದ ತೀಡಿ ತೀಡಿ ಹೊಳಪು ತರಿಸುತ್ತಿದ್ದರು. ಆಮೇಲೆ ದಿನಗಟ್ಟಲೆ ನೀರುಣಿಸಿ, ಮೇಣದ ಪಾಲಿಶ್ ಹಾಕಿ ಉಜ್ಜುತ್ತಿದ್ದರು. ಅದರ ಹೊಳಪೆಲ್ಲ ಆ ತೆಳುವಾದ ನಯವಾದ ಮುಖದಲ್ಲಿಯೇ ಇದೆ. ಆ ಮುಖ ಒಮ್ಮೆ ಹೋಯಿತೆಂದರೆ ತೇಪೆ ಹಾಕಿ ಸರಿಪಡಿಸುವಂತಿಲ್ಲ, ಏಕೆಂದರೆ ಐವತ್ತು ವರ್ಷ ಜನ ಓಡಾಡಿ ಪಳಗಿದ ಕೆಂಪಿಗೆ ಹೊಸ ಕೆಂಪು ಎಂದೂ ಹೊಂದುವುದಿಲ್ಲ.

ಟೈಲ್ಸ್ ಕೂರಿಸಿದ ಮೇಲೆ ಅವುಗಳ ಮುಖದ ಮೇಲೆ ಉಳಿಯುವ ಸಿಮೆಂಟ್ ಕಲೆಗಳನ್ನು ತೆಗೆಯಲು ಗಾರೆ ಕೆಲಸದವರು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುತ್ತಾರೆ. ಅವರ ಬಾಯಲ್ಲಿ ಅದು ಬರೀ ಆಸಿಡ್. ಮೆರುಗು ಹಚ್ಚಿದ ಟೈಲ್ಸಿಗೆ ಅದರಿಂದ ಅಷ್ಟು ಬೇಗ ತೊಂದರೆಯಾಗದು, ಆದರೆ ಸಿಮೆಂಟನ್ನು ಅದು ಕರಗಿಸುತ್ತದೆ, ಮತ್ತು ನಮ್ಮ ಪಡಸಾಲೆಯ ನೆಲವೇ ಸಿಮೆಂಟು. ಆಸಿಡ್ ಕ್ಯಾನನ್ನು ಮುಂಬಾಗಿಲಿನಿಂದ ಬಚ್ಚಲಿಗೆ ಒಯ್ಯುವಾಗ ದಾರಿಯಲ್ಲಿ ಇಳಿಸಿದ್ದಾರೆ, ಅದರ ಅಡಿ ಒದ್ದೆಯಾಗಿದ್ದಿರಬೇಕು, ಮೇಲಿನಿಂದ ಒಂದಿಷ್ಟು ತುಳುಕಿಯೂ ಇದೆ. ನೆಲ ನೊರೆ ಬಂದದ್ದನ್ನು ಕಂಡು ಗಾಬರಿಯಾದವರು ಒದ್ದೆ ಬಟ್ಟೆಯಿಂದ ಒರೆಸಿದ್ದಾರೆ. ಒರೆಸಿದಾಗ ಅದು ಇನ್ನೂ ಒಂದು ಗೇಣು ಹರಡಿದೆ. ಬಳಿಕ ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಮುಚ್ಚಿ, ಯಾರಿಗೂ ಹೇಳದೆ ಕೆಲಸ ಮುಂದುವರಿಸಿದ್ದಾರೆ. ನಾಲ್ಕು ದಿನಗಳ ನಂತರ ಹಾಳೆ ಸರಿಸಿದಾಗ ನನಗೆ ಕಂಡದ್ದು ತಟ್ಟೆಯಗಲದ ಒಂದು ಬಿಳಿಚಿದ ಬಳೆ, ಅದರಿಂದ ಬಚ್ಚಲಿನ ಕಡೆಗೆ ಹೊರಟ ಹನಿಗಳ ಸಾಲು. ಬೆರಳಾಡಿಸಿದರೆ ಅಲ್ಲಿ ನೆಲ ಮರಳಿನಂತೆ ತರಿತರಿಯಾಗಿತ್ತು.

ಚೆಲ್ಲಿದ ಹತ್ತು ನಿಮಿಷದೊಳಗೆ ಯಾರಾದರೂ ಕೂಗಿ ಹೇಳಿದ್ದರೆ ನಾಲ್ಕು ಕೊಡ ನೀರು ಸುರಿದು, ಅಡುಗೆಸೋಡಾ ಎರಚಿ, ಹಾನಿಯನ್ನು ಬಹಳಷ್ಟು ತಡೆಯಬಹುದಿತ್ತು. ಚೆಲ್ಲಿದ್ದು ಆಕಸ್ಮಿಕ. ನಲವತ್ತು ವರ್ಷ ಅಡುಗೆಮನೆಯಲ್ಲಿ ಕೆಲಸ ಮಾಡಿದ ನನ್ನ ಕೈಯಿಂದಲೂ ಎಷ್ಟೋ ಪಾತ್ರೆಗಳು ಜಾರಿವೆ. ಮುಚ್ಚಿಟ್ಟದ್ದು ಮಾತ್ರ ಆಕಸ್ಮಿಕವಲ್ಲ, ಅದರ ಕಾರಣ ನನಗೆ ತಿಳಿದದ್ದು ವೀಣೆಯ ಪ್ರಸಂಗದಲ್ಲಿ.

ಪಡಸಾಲೆಯ ಗೋಡೆಗೆ ಎಮರಿ ಕಾಗದ ಉಜ್ಜುವ ದಿನ ಪುಟ್ಟಿಯ ಧೂಳು ಹೊಗೆಯಂತೆ ತುಂಬುತ್ತದೆ. ಸಂಸ್ಥೆಯ ಅಂದಾಜು ಪಟ್ಟಿಯಲ್ಲಿ ‘ಪೀಠೋಪಕರಣಗಳ ಸ್ಥಳಾಂತರ ಮತ್ತು ಹೊದಿಕೆ’ ಎಂಬ ಬಾಬತ್ತಿಗೆ 6,500 ರೂಪಾಯಿ ಸೇರಿತ್ತು. ಅದರಂತೆ ಬೆಳಿಗ್ಗೆ ಅವರೇ ಸಾಮಾನುಗಳನ್ನು ಸರಿಸಿದರು. ವೀಣೆಯನ್ನು ಒಳಕೋಣೆಯಲ್ಲಿ ಇಡಬೇಕೆಂದು ನಾನು ಮೇಲ್ವಿಚಾರಕರಿಗೆ ಹೇಳಿದ್ದೆ. ಅವರು ಅದನ್ನು ಹುಡುಗರಿಗೆ ಹೇಳಲಿಲ್ಲ. ಒಬ್ಬ ಸಹಾಯಕ, ಇಪ್ಪತ್ತರ ಆಸುಪಾಸಿನ ಹುಡುಗ, ಧೂಳು ತಾಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಎತ್ತಿಕೊಂಡು ಹೋಗಿ ಪಶ್ಚಿಮಕ್ಕೆ ಮುಖ ಮಾಡಿದ ಮಹಡಿಯ ಬಾಲ್ಕನಿಯಲ್ಲಿ ಇಟ್ಟ. ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲು ಅದರ ಮೇಲೆ ಮೂರು ಗಂಟೆಗೂ ಹೆಚ್ಚು ಕಾಲ ನೇರವಾಗಿ ಬಿತ್ತು.

ವೀಣೆಯಲ್ಲಿ ತಂತಿಯನ್ನು ಒತ್ತಿ ಸ್ವರ ಹಿಡಿಯುವ ಇಪ್ಪತ್ತನಾಲ್ಕು ಅಡ್ಡಪಟ್ಟಿಗಳಿಗೆ ಮೆಟ್ಟಿಲುಗಳು ಎನ್ನುತ್ತಾರೆ. ಅವು ಮರಕ್ಕೆ ಮೊಳೆ ಹೊಡೆದು ಕೂರಿಸಿದವಲ್ಲ. ದಂಡಿಯ ಮೇಲೆ ಎರಡು ಸಾಲಾಗಿ ಕಪ್ಪು ಮೇಣದ ದಿಂಡು ಇರುತ್ತದೆ, ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಮಾಡಿದ್ದು. ಕಂಚಿನ ಮೆಟ್ಟಿಲುಗಳು ಆ ಮೇಣದಲ್ಲಿ ಊರಿಕೊಂಡಿರುತ್ತವೆ. ಪ್ರತಿ ಸ್ವರವನ್ನೂ ಕಿವಿಯಿಂದ ಪರೀಕ್ಷಿಸುತ್ತಾ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಅವುಗಳನ್ನು ಕೂರಿಸುವುದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಬಿಸಿಲಿಗೆ ಮೇಣ ಮೆತ್ತಗಾದರೆ ಮೆಟ್ಟಿಲು ಕುಸಿಯುತ್ತದೆ, ವಾಲುತ್ತದೆ. ಸಂಜೆ ತಂಪಾದ ಮೇಲೆ ಮೇಣ ಮತ್ತೆ ಗಟ್ಟಿಯಾಗುತ್ತದೆ. ನೋಡುವವರ ಕಣ್ಣಿಗೆ ಎಲ್ಲವೂ ಇದ್ದಂತೆಯೇ ಇರುತ್ತದೆ.

ಮೂರು ದಿನಗಳ ಬಳಿಕ ಅಮ್ಮ ವೀಣೆ ತೆಗೆದು ಶ್ರುತಿ ಮಾಡಿಕೊಂಡು ನುಡಿಸತೊಡಗಿದವರು ನಡುವೆಯೇ ನಿಲ್ಲಿಸಿದರು. ‘ಗಾಂಧಾರ ನಿಲ್ತಾ ಇಲ್ಲ ಕಣೇ’ ಎಂದರು. ಮಾರನೆಯ ದಿನ ಮೇಲ್ವಿಚಾರಕರನ್ನು ಕರೆಸಿದೆವು. ಅವರು ವೀಣೆಯನ್ನು ಸುತ್ತಲೂ ನೋಡಿ, ‘ಎಲ್ಲೂ ಒಡೆದಿಲ್ಲ, ಗೀರು ಕೂಡ ಇಲ್ವಲ್ಲ ಮೇಡಂ’ ಎಂದರು. ಅವರಿಗೆ ಕಂಡದ್ದು ಅಷ್ಟೇ. ಆಗ ಅಮ್ಮ ವಾದಕ್ಕೆ ಹೋಗದೆ, ಕರ್ನಾಟಕ ಸಂಗೀತ ಕಲಿಯುವ ಪ್ರತಿ ಮಗುವೂ ಮೊದಲ ದಿನ ಹಾಡುವ ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು ವೀಣೆಯ ಮುಖ್ಯ ತಂತಿಯಾದ ಸಾರಣಿಯ ಮೇಲೆ ನಿಧಾನವಾಗಿ ನುಡಿಸಿದರು. ಸ, ರಿ ಸರಿಯಾಗಿ ಬಂದವು. ನಾಲ್ಕನೆಯ ಮೆಟ್ಟಿಲಿನ ಅಂತರ ಗಾಂಧಾರಕ್ಕೆ ಬಂದಾಗ ತಂತಿ ಮುಂದಿನ ಮೆಟ್ಟಿಲಿಗೆ ತಗುಲಿ ಜರ್‍ರೆಂದಿತು. ಮೇಲಿನ ಸ್ಥಾಯಿಯಲ್ಲಿ ಎರಡು ಸ್ವರಗಳು ಕಿವಿಗೆ ಕಸರಿನಂತೆ ಕೇಳಿದವು. ಮೇಲ್ವಿಚಾರಕರು ಆಮೇಲೆ ಮಾತನಾಡಲಿಲ್ಲ.

ಬಾಗಿಲ ಬಳಿ ನಿಂತಿದ್ದ ಆ ಹುಡುಗನ ಮುಖ ಬಿಳುಪೇರಿತ್ತು. ಅಂದು ಸಂಜೆ ಅವನೊಬ್ಬನೇ ಬಂದು ಅಮ್ಮನ ಮುಂದೆ ನಿಂತು, ‘ಅಮ್ಮಾ, ಧೂಳಾಗಬಾರದು ಅಂತ ಇಟ್ಟೆ, ಗೊತ್ತಾಗಲಿಲ್ಲ. ನನ್ನ ಬಟವಾಡೆಯಲ್ಲಿ ಹಿಡೀತಾರಂತೆ’ ಎಂದ. ಅಮ್ಮ, ‘ನಿನಗೆ ಯಾರಪ್ಪಾ ಹೇಳಿಕೊಡಬೇಕಿತ್ತು ಇದನ್ನೆಲ್ಲ’ ಎಂದು ಅವನಿಗೆ ಕಾಫಿ ಕೊಡಿಸಿದರು. ಮಾತು ಮುಂದುವರಿದಾಗ ಗೊತ್ತಾಯಿತು: ಗ್ರಾಹಕರ ಮನೆಯಲ್ಲಿ ಏನು ಹಾಳಾದರೂ ಅದರ ಹಣವನ್ನು ಆ ದಿನ ಅಲ್ಲಿದ್ದ ಕೆಲಸಗಾರರ ಕೂಲಿಯಿಂದ ಹಿಡಿಯುವುದು ಅಲ್ಲಿನ ರೂಢಿ. ಆಸಿಡ್ ಚೆಲ್ಲಿದವರು ಬಾಯಿ ಬಿಡದೆ ಹಾಳೆ ಮುಚ್ಚಿದ್ದಕ್ಕೂ ಅದೇ ಕಾರಣ. ಹೇಳಿದರೆ ವಾರದ ಕೂಲಿ ಹೋಗುತ್ತದೆ, ಹೇಳದಿದ್ದರೆ ಯಾರಿಗೂ ಕಾಣದೆ ಹೋಗಲೂಬಹುದು ಎಂದಾದಾಗ, ಮಕ್ಕಳಿರುವ ಯಾವ ಕೆಲಸಗಾರ ತಾನೇ ಹತ್ತು ನಿಮಿಷದೊಳಗೆ ಕೂಗಿ ಹೇಳಿಯಾನು? ನಮ್ಮ ನೆಲವನ್ನು ಆಸಿಡ್ ತಿಂದದ್ದು ಅರ್ಧ, ಆ ಭಯ ತಿಂದದ್ದು ಇನ್ನರ್ಧ ಎಂದು ನಾನು ಖಚಿತವಾಗಿ ನಂಬುತ್ತೇನೆ. ಸಂಸ್ಥೆಯ ಕಚೇರಿಯಲ್ಲಿ ಇದನ್ನೇ ನೇರವಾಗಿ ಹೇಳಿದೆ.

ಕಚೇರಿಯವರ ಮೊದಲ ಉತ್ತರ ಅಂದಾಜು ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರದ ಷರತ್ತು: ಬೆಲೆಬಾಳುವ ವಸ್ತುಗಳನ್ನು ಗ್ರಾಹಕರೇ ತೆರವುಗೊಳಿಸಬೇಕು, ಉಳಿದ ವಸ್ತುಗಳಿಗೆ ಸಂಸ್ಥೆ ಹೊಣೆಯಲ್ಲ. ನಾನು ಅದೇ ಕಾಗದವನ್ನು ತಿರುಗಿಸಿ ಮುಂಬದಿಯ 6,500 ರೂಪಾಯಿಯ ಬಾಬತ್ತನ್ನು ತೋರಿಸಿದೆ. ಸಾಮಾನು ಸರಿಸುವುದಕ್ಕೂ ಮುಚ್ಚುವುದಕ್ಕೂ ಹಣ ಪಡೆದ ಮೇಲೆ, ಆ ಸರಿಸುವಿಕೆಯಲ್ಲಿಯೇ ಆದ ಹಾನಿಗೆ ಹೊಣೆಯಲ್ಲ ಎನ್ನುವುದು ಹೇಗೆ ಸಾಧ್ಯ? ನೆಲವನ್ನಂತೂ ತೆರವುಗೊಳಿಸಿ ಬೇರೆಡೆ ಇಡಲು ಬರುವುದಿಲ್ಲ. ಎರಡನೆಯ ಉತ್ತರವಾಗಿ 2,000 ರೂಪಾಯಿ ರಿಯಾಯಿತಿ ಕೊಡುವುದಾಗಿ ಹೇಳಿದರು. ಮೂರನೆಯದಾಗಿ, ‘ಆ ಹುಡುಗರ ಲೆಕ್ಕದಲ್ಲಿ ಹಿಡಿದು ನಿಮಗೆ ಕೊಡಿಸ್ತೀವಿ ಮೇಡಂ’ ಎಂದರು. ಆ ಹಣ ನಮಗೆ ಬೇಡವೆಂದು ಅಲ್ಲಿಯೇ ಹೇಳಿದೆ. ಒಪ್ಪಂದ ನನಗೂ ಸಂಸ್ಥೆಗೂ ಆದದ್ದು. ಕೆಲಸಗಾರರನ್ನು ಆರಿಸಿದವರು, ಅವರಿಗೆ ಏನನ್ನು ಹೇಳಬೇಕಿತ್ತೋ ಅದನ್ನು ಹೇಳದೆ ಬಿಟ್ಟವರು, ಲಾಭವನ್ನು ಪಡೆಯುವವರು ಅವರೇ; ಆದ್ದರಿಂದ ನಷ್ಟವನ್ನು ಭರಿಸಬೇಕಾದವರೂ ಅವರೇ.

ಇಲ್ಲಿಂದ ಮುಂದೆ ನಮ್ಮ ಕೈ ಹಿಡಿದದ್ದು ಕಾಗದಪತ್ರ. ಹಣವನ್ನು ಮೂರು ಕಂತುಗಳಲ್ಲಿ ಕೊಡುವ ಒಪ್ಪಂದವಿತ್ತು: ಆರಂಭದಲ್ಲಿ ಶೇಕಡಾ 40, ನಡುವೆ 40, ಕೆಲಸ ಒಪ್ಪಿಸಿದ ಮೇಲೆ 20. ಕೊನೆಯ ಕಂತಿನ 42,800 ರೂಪಾಯಿ ಇನ್ನೂ ನಮ್ಮಲ್ಲಿಯೇ ಇದ್ದುದರಿಂದ ಸಂಸ್ಥೆ ನಮ್ಮ ಪತ್ರಗಳಿಗೆ ಉತ್ತರಿಸುತ್ತಿತ್ತು. ಪೂರ್ತಿ ಹಣವನ್ನು ಮೊದಲೇ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಮನಸ್ಸಾಗದು. ಕೆಲಸ ಶುರುವಾಗುವ ಹಿಂದಿನ ದಿನ ಪ್ರತಿ ಕೋಣೆಯ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟಿರಲಿಲ್ಲ. ಅದು ನನ್ನ ತಪ್ಪು. ಅದೃಷ್ಟವಶಾತ್ ಹಿಂದಿನ ವರ್ಷದ ಗೌರಿ ಹಬ್ಬದಂದು ಅದೇ ಜಾಗದಲ್ಲಿ ರಂಗೋಲಿ ಹಾಕಿದ್ದ ಚಿತ್ರ ದಿನಾಂಕದ ಸಮೇತ ಸಿಕ್ಕಿತು, ನೆಲದ ಹೊಳಪು ಅದರಲ್ಲಿ ನಿಚ್ಚಳವಾಗಿತ್ತು. ವೀಣೆಯನ್ನು ಮೇಳ ಕಟ್ಟುವವರ ಬಳಿಗೆ ಒಯ್ದು, ಮೇಣ ಬಿಸಿಲಿಗೆ ಕುಸಿದಿರುವುದರಿಂದ ಪೂರ್ತಿ ಮೇಳವನ್ನು ಬಿಚ್ಚಿ ಕಟ್ಟಬೇಕೆಂದು ಅವರಿಂದ ಬರೆಸಿಕೊಂಡೆ; ತಂತಿ ಸೇರಿ 8,500 ರೂಪಾಯಿ. ನೆಲಕ್ಕೆ ಹಳೆಯ ಕಾಲದ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಬಂದು ನೋಡಿ, ತೇಪೆ ಬೇಡ, ಇಡೀ ಪಡಸಾಲೆಯನ್ನು ನಯವಾದ ಕಲ್ಲಿನಿಂದ ತೀಡಿ ಕೆಂಪು ಮೇಣದ ಪಾಲಿಶ್ ಹಾಕೋಣ ಎಂದು 17,000 ರೂಪಾಯಿಯ ಲೆಕ್ಕ ಕೊಟ್ಟರು.

ಇವೆಲ್ಲವನ್ನೂ ಸೇರಿಸಿ ಸಂಸ್ಥೆಗೆ ಮಿಂಚಂಚೆಯಲ್ಲಿಯೂ ರಿಜಿಸ್ಟರ್ಡ್ ಅಂಚೆಯಲ್ಲಿಯೂ ಒಂದು ಪತ್ರ ಬರೆದೆ. ಫೋನಿನ ಮಾತು ಗಾಳಿಗೆ ಹೋಗುತ್ತದೆ, ಪತ್ರಕ್ಕೆ ದಿನಾಂಕವಿರುತ್ತದೆ. 25,500 ರೂಪಾಯಿಯನ್ನು ಕೊನೆಯ ಕಂತಿನಲ್ಲಿ ಕಳೆಯಬೇಕು, ಅದನ್ನು ಯಾವ ಕೆಲಸಗಾರನ ಕೂಲಿಯಿಂದಲೂ ಹಿಡಿಯಬಾರದು, ಹದಿನೈದು ದಿನಗಳಲ್ಲಿ ಉತ್ತರಿಸಬೇಕು ಎಂದು ಕೇಳಿದೆ. ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಆಯೋಗಕ್ಕೆ ಸಲ್ಲಿಸುವುದಾಗಿಯೂ ತಿಳಿಸಿದೆ. ಈ ಮಾತನ್ನು ಬರೆಯುವ ಮೊದಲು ನಿಯಮಗಳನ್ನು ಓದಿಕೊಂಡಿದ್ದೆ, ಓದುಗರಿಗೂ ಉಪಯೋಗವಾದೀತು: ನಾವು ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ, ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಆದರೆ ಘಟನೆ ನಡೆದ ಎರಡು ವರ್ಷಗಳೊಳಗೆ ಕೊಡಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬಹುದು. ನಮಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ.

ಪತ್ರ ತಲುಪಿದ ಹನ್ನೊಂದನೆಯ ದಿನ ಸಂಸ್ಥೆಯ ಪಾಲುದಾರರೊಬ್ಬರು ಸ್ವತಃ ಮನೆಗೆ ಬಂದರು. ಅವರು ನೆಲದ ಮೇಲೆ ಕುಳಿತು, ಆಸಿಡ್ ತಿಂದ ಜಾಗವನ್ನು ಕೈಯಿಂದ ಮುಟ್ಟಿ ನೋಡಿದರು. ನಾನು ಅವರ ಬಗ್ಗೆ ಮೃದುವಾದದ್ದು ಆ ಒಂದು ಕಾರಣಕ್ಕೆ. ಕೇಳಿದಷ್ಟನ್ನೂ ಒಪ್ಪಿಕೊಂಡು, ಕೂಲಿ ಹಿಡಿಯುವುದಿಲ್ಲವೆಂದು ಬರೆದುಕೊಟ್ಟರು. ಉಳಿದ 17,300 ರೂಪಾಯಿಯನ್ನು ಅದೇ ದಿನ ಪಾವತಿಸಿದೆ. ತಿಂಗಳ ನಂತರ ಆ ಹುಡುಗ ನಮ್ಮ ಬೀದಿಯಲ್ಲಿಯೇ ಬೇರೊಂದು ಮನೆಯ ಕೆಲಸಕ್ಕೆ ಬಂದಾಗ ಕೇಳಿದೆ, ಹಿಡಿದಿಲ್ಲ ಎಂದ.

ಈ ಸಂಸ್ಥೆಗೆ ಇನ್ನೊಮ್ಮೆ ಕೆಲಸ ಕೊಡುವೆನೇ ಎಂದು ನೆಂಟರು ಕೇಳುತ್ತಾರೆ. ಕೊಡುತ್ತೇನೆ, ಆದರೆ ಕರಾರು ಬದಲಾದರೆ ಮಾತ್ರ. ಹಿಂಬದಿಯ ಆ ಷರತ್ತನ್ನು ಹೊಡೆದುಹಾಕಿ ಇಬ್ಬರೂ ಸಹಿ ಮಾಡಬೇಕು. ನೆಲಕ್ಕೆ ತೆಳು ಪ್ಲಾಸ್ಟಿಕ್ ಸಾಲದು, ಅದು ಏಣಿಯ ಕಾಲಿಗೆ ಹರಿಯುತ್ತದೆ, ಕೆಳಗೆ ಆದದ್ದನ್ನು ಮರೆಮಾಡುತ್ತದೆ. ಜಮಖಾನದ ಮೇಲೆ ದಪ್ಪ ರಟ್ಟಿನ ಹಾಳೆ ಹಾಸಬೇಕು, ಪ್ರತಿ ಸಂಜೆ ಅದನ್ನು ಎತ್ತಿ ನೋಡಬೇಕು. ಹಳೆಯ ಸಿಮೆಂಟ್ ನೆಲವಿರುವ ಮನೆಗೆ ಆಸಿಡನ್ನು ಹಿತ್ತಿಲ ಬಾಗಿಲಿನಿಂದಲೇ ತರಬೇಕು, ಇಲ್ಲವೇ ತರಲೇಬಾರದು. ಟೈಲ್ಸಿನ ಮೇಲಿನ ಸಿಮೆಂಟನ್ನು ಹಸಿಯಿರುವಾಗಲೇ ಸ್ಪಂಜಿನಿಂದ ಒರೆಸಿದರೆ ಆಸಿಡಿನ ಅಗತ್ಯವೇ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸಗಾರರು ಬಂದ ಮೊದಲ ದಿನವೇ ಮೇಲ್ವಿಚಾರಕರ ಎದುರಿನಲ್ಲಿ ಅವರೆಲ್ಲರಿಗೂ ನಾನೇ ಹೇಳುತ್ತೇನೆ: ಏನಾದರೂ ಬಿದ್ದರೆ, ಚೆಲ್ಲಿದರೆ, ಒಡೆದರೆ ತಕ್ಷಣ ಕೂಗಿ, ನಿಮ್ಮ ಕೂಲಿಗೆ ಕೈ ಹಾಕಲು ನಾನು ಬಿಡುವುದಿಲ್ಲ. ವೀಣೆಯಂಥ ವಸ್ತುವನ್ನು ಮಾತ್ರ ಯಾವ ಸೇವೆಗೂ ಒಪ್ಪಿಸದೆ ಹಿಂದಿನ ದಿನವೇ ತಂಗಿಯ ಮನೆಯಲ್ಲಿ ಇರಿಸಿ ಬರುತ್ತೇನೆ.

ನೆಲ ಈಗ ಬಹುಮಟ್ಟಿಗೆ ಸರಿಹೋಗಿದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಆ ಬಳೆಯ ಗುರುತು ಮಸುಕಾಗಿ ಕಾಣುತ್ತದೆ, ಅದು ಹೋಗುವುದಿಲ್ಲವೆಂದು ಮೇಸ್ತ್ರಿ ಮೊದಲೇ ಹೇಳಿದ್ದರು. ವೀಣೆ ಎರಡು ವಾರಗಳ ಬಳಿಕ ಮನೆಗೆ ಬಂತು. ಹೊಸ ಮೇಣ ನೆಲೆಗೊಳ್ಳಲು ಕಾಲ ಬೇಕು, ಆರು ತಿಂಗಳಾದ ಮೇಲೆ ಒಮ್ಮೆ ಮೆಟ್ಟಿಲುಗಳನ್ನು ಮತ್ತೆ ನೋಡಬೇಕಾಗುತ್ತದೆ ಎಂದು ಮೇಳ ಕಟ್ಟಿದವರು ಹೇಳಿದ್ದಾರೆ. ಆ ಖರ್ಚನ್ನೂ ತಾವೇ ಕೊಡುವುದಾಗಿ ಸಂಸ್ಥೆ ಮಿಂಚಂಚೆಯಲ್ಲಿ ಒಪ್ಪಿಕೊಂಡಿದೆ. ಅದರ ಗಡುವು ನವೆಂಬರ್ ತಿಂಗಳಿನಲ್ಲಿ ಬರುತ್ತದೆ. ಆಗ ಅವರು ನಡೆದುಕೊಂಡ ರೀತಿಯನ್ನು ಈ ವಿಮರ್ಶೆಯ ಕೆಳಗೆ ಸೇರಿಸುತ್ತೇನೆ.